ಹೊಗೆಗೆ ಪರೀಕ್ಷೆ ಯಾವ ಗಂಟೆಯಲ್ಲಿ?

ಸರ್ಕಾರದ ಕಾಗದಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಹೊಗೆಯು ನಿಗದಿತ ಮಿತಿಯೊಳಗಿದೆ ಎಂಬುದೇ ಆ ಮಾತು. ಲಾರಿಗೂ ಇದೇ ಮಾತು, ಬಸ್ಸಿಗೂ ಇದೇ ಮಾತು. ನೀರಿನ ಮೇಲೆ ಓಡುವ ಲಾಂಚಿಗೂ ಮೋಟಾರು ದೋಣಿಗೂ ಈಗ ಇದೇ ಮಾತನ್ನು ಅಂಟಿಸಲು ಕಾಯಿದೆ ಬಂದಿದೆ. ಮಾತು ಚೆನ್ನಾಗಿದೆ. ಅದರ ಕೆಳಗೆ ಮೊಹರೂ ಇರುತ್ತದೆ. ನಾವು ಕೇಳುವುದು ಒಂದೇ ಪ್ರಶ್ನೆ: ಯಾವ ಗಂಟೆಯಲ್ಲಿ ಮಿತಿಯೊಳಗಿದೆ?

ಶಾಲೆಯಲ್ಲಿ ಪಾಠ ಹೇಳಿದವರಾದ ನಮಗೆ ಪರೀಕ್ಷೆಯೆಂದರೇನೆಂಬುದು ಗೊತ್ತು. ಯಾವ ಪಾಠದಿಂದ ಪ್ರಶ್ನೆ ಬರುತ್ತದೆ, ಯಾವ ದಿನ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನೆಲ್ಲ ಹುಡುಗನಿಗೆ ಮೊದಲೇ ಹೇಳಿ ಕಳಿಸಿದರೆ ದಡ್ಡನೂ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗುತ್ತಾನೆ. ಎಂಜಿನ್ನಿನ ಹೊಗೆಗೆ ಇಂದು ನಡೆಯುತ್ತಿರುವುದು ಅಂಥ ಪರೀಕ್ಷೆ. ಎಂಜಿನ್ನು ತನ್ನ ಒಳ್ಳೆಯ ಗಂಟೆಯಲ್ಲಿ ಪರೀಕ್ಷೆಗೆ ಕೂರುತ್ತದೆ. ದುಡಿಯುವ ಜನ ಅದರ ಕೆಟ್ಟ ಗಂಟೆಯಲ್ಲಿ ಉಸಿರಾಡುತ್ತಾರೆ.

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಹಡಗೆಲ್ಲಿ ಬಂತು ಎಂದು ಯಾರಾದರೂ ನಕ್ಕಾರು. ನಗುವವರು ಲಕ್ಕವಳ್ಳಿಗೆ ಹೋಗಿ ನೋಡಲಿ. 1965ರಲ್ಲಿ ಮುಗಿದ ಭದ್ರಾ ಅಣೆಕಟ್ಟು ನಮ್ಮ ತರೀಕೆರೆ ತಾಲ್ಲೂಕಿನಲ್ಲೇ ಇದೆ. ಎಪ್ಪತ್ತೊಂದೂವರೆ ಟಿ.ಎಂ.ಸಿ. ನೀರು ಹಿಡಿಯುವ ಆ ಹಿನ್ನೀರಿನ ಮೇಲೆ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆಯು ಯಾತ್ರಿಕರನ್ನು ಮೋಟಾರು ದೋಣಿಯಲ್ಲಿ ಕೂರಿಸಿ ಆನೆ ತೋರಿಸುತ್ತದೆ, ರೀವ ಹಕ್ಕಿ ತೋರಿಸುತ್ತದೆ. ಇನ್ನು ನಮ್ಮ ಜನ ಸಿಗಂದೂರಿಗೆ ಹರಕೆ ಹೊತ್ತು ಹೋಗುವವರು. ಶರಾವತಿಯ ಹಿನ್ನೀರನ್ನು ಅಂಬಾರಗೋಡ್ಲಿನಿಂದ ಲಾಂಚಿನಲ್ಲಿ ದಾಟಿದ ನೆನಪು ನಮ್ಮ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿದೆ. ಆ ಡೀಸೆಲ್ ಹೊಗೆಯ ವಾಸನೆಯೂ ನೆನಪಿರಬೇಕು.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. 2016ರಲ್ಲಿ ಕೇಂದ್ರ ಸರ್ಕಾರವು ಕಾಯಿದೆ ಮಾಡಿ ದೇಶದ ಜಲಮಾರ್ಗಗಳ ಸಂಖ್ಯೆಯನ್ನು 5ರಿಂದ 111ಕ್ಕೆ ಏರಿಸಿತು. ಶರಾವತಿ, ಕಾಳಿ, ನೇತ್ರಾವತಿ, ತುಂಗಭದ್ರಾ ಮೊದಲಾದ ನಮ್ಮ ನಾಡಿನ ನದಿಗಳ ಹೆಸರೂ ಆ ಪಟ್ಟಿಯಲ್ಲಿ ಸೇರಿವೆ. 2021ರಲ್ಲಿ ಬ್ರಿಟಿಷರ ಕಾಲದ 1917ರ ಕಾಯಿದೆಯನ್ನು ತೆಗೆದು ಹೊಸ ಒಳನಾಡು ಹಡಗುಗಳ ಕಾಯಿದೆಯನ್ನು ತಂದರು. ಮಾಲಿನ್ಯ ತಡೆಯ ಅಧ್ಯಾಯವೂ ಅದರಲ್ಲಿದೆ, ಪ್ರಮಾಣಪತ್ರದ ಏರ್ಪಾಡೂ ಇದೆ. ಬಹಳ ಸಂತೋಷ. ಆದರೆ ಪ್ರಮಾಣಪತ್ರ ಎಂಬ ಕಾಗದಕ್ಕೆ ಮೂಗಿಲ್ಲ. ಮೂಗಿರುವುದು ದೋಣಿ ನಡೆಸುವವನಿಗೆ, ಹಗ್ಗ ಎಳೆಯುವವನಿಗೆ, ದಡದಲ್ಲಿ ಕಡಲೆಕಾಯಿ ಮಾರುವ ಹೆಂಗಸಿಗೆ. ಆದ್ದರಿಂದ ಈ ಹೊಗೆಯ ಒಳಗುಟ್ಟನ್ನು ನಮ್ಮ ಓದುಗರು ತಿಳಿದುಕೊಳ್ಳಲೇಬೇಕು.

ಹೊಗೆ ಎಂಬುದು ಒಂದೇ ಪದಾರ್ಥವಲ್ಲ. ಡೀಸೆಲ್ ಎಂಜಿನ್ನಿನ ಕೊಳವೆಯಿಂದ ಹೊರಡುವುದರಲ್ಲಿ ನಾಲ್ಕು ವಿಷಗಳನ್ನು ಮುಖ್ಯವಾಗಿ ಎಣಿಸಬೇಕು. ಕಣ್ಣಿಗೆ ಕಾಣುವ ಮತ್ತು ಕಾಣದ ಮಸಿಯ ಕಣಗಳು ಒಂದು. ಅರೆಬೆಂದ ಎಣ್ಣೆಯ ಆವಿ ಇನ್ನೊಂದು. ಇಂಗಾಲದ ಮಾನಾಕ್ಸೈಡ್ ಎಂಬ ಉಸಿರುಗಟ್ಟಿಸುವ ಅನಿಲ ಮೂರನೆಯದು. ಸಾರಜನಕದ ಆಕ್ಸೈಡುಗಳು ನಾಲ್ಕನೆಯದು. ಈ ನಾಲ್ಕೂ ಒಂದೇ ಗಂಟೆಯಲ್ಲಿ ಒಂದೇ ಕ್ರಮದಲ್ಲಿ ಹುಟ್ಟುವುದಿಲ್ಲ. ಎಂಜಿನ್ನು ಮೈಮುರಿದು ದುಡಿಯುವಾಗ ಒಳಗಿನ ಶಾಖ ವಿಪರೀತ ಏರುತ್ತದೆ. ಆಗ ಗಾಳಿಯಲ್ಲಿರುವ ಸಾರಜನಕವೇ ಸುಟ್ಟು ನಾಲ್ಕನೆಯ ವಿಷ ಹೆಚ್ಚುತ್ತದೆ. ಎಂಜಿನ್ನು ಸುಮ್ಮನೆ ಗುರುಗುಟ್ಟುತ್ತ ನಿಂತಾಗ, ಅಥವಾ ಬೆಳಗ್ಗೆ ತಣ್ಣಗಿದ್ದದ್ದನ್ನು ಎಬ್ಬಿಸಿದಾಗ, ಒಳಗೆ ಬೇಕಾದ ಶಾಖ ಇರುವುದಿಲ್ಲ. ಎಣ್ಣೆ ಪೂರಾ ಸುಡುವುದಿಲ್ಲ. ಮಾಡಿದ ಕೆಲಸಕ್ಕೆ ಹೋಲಿಸಿದರೆ ಮೊದಲಿನ ಮೂರು ವಿಷಗಳು ಹೆಚ್ಚುತ್ತವೆ. ಹಸಿ ಸೌದೆಯ ಒಲೆ ಊದಿದ ನಮ್ಮ ತಾಯಂದಿರಿಗೆ ಇದನ್ನು ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ಒಲೆ ಧಗಧಗ ಉರಿಯುವಾಗ ಹೊಗೆ ಕಡಿಮೆ. ಹೊತ್ತಿಸುವಾಗ, ಆರುವಾಗ, ಕಣ್ಣು ಉರಿದು ನೀರು ಬರುತ್ತದೆ.

ಈಗ ಪರೀಕ್ಷೆಯ ವಿಚಾರ ನೋಡಿ. ಹಡಗನ್ನು ನೂಕುವ ಎಂಜಿನ್ನುಗಳಿಗೆ ಲೋಕದಲ್ಲಿ ಸಾಮಾನ್ಯವಾಗಿ ನಡೆಯುವ ಪ್ರಯೋಗಶಾಲೆಯ ಪರೀಕ್ಷೆಯೊಂದಿದೆ. ಅದರಲ್ಲಿ ನಾಲ್ಕು ಪ್ರಶ್ನೆಗಳು. ಪೂರ್ಣ ಹೊರೆಯಲ್ಲಿ ಎಷ್ಟು ವಿಷ, ಮುಕ್ಕಾಲು ಹೊರೆಯಲ್ಲಿ ಎಷ್ಟು, ಅರ್ಧ ಹೊರೆಯಲ್ಲಿ ಎಷ್ಟು, ಕಾಲು ಹೊರೆಯಲ್ಲಿ ಎಷ್ಟು. ನೂರು ಅಂಕಗಳನ್ನು ಹಂಚಿರುವ ಬಗೆ ಹೀಗೆ: ಪೂರ್ಣ ಹೊರೆಗೆ 20, ಮುಕ್ಕಾಲಿಗೆ 50, ಅರ್ಧಕ್ಕೆ 15, ಕಾಲಿಗೆ 15. ಕೆಲಸವಿಲ್ಲದೆ ಗುರುಗುಟ್ಟುತ್ತ ನಿಂತ ಹೊತ್ತಿಗೆ ಎಷ್ಟು ಅಂಕ? ಸೊನ್ನೆ. ತಣ್ಣಗಿನ ಎಂಜಿನ್ನನ್ನು ಎಬ್ಬಿಸುವ ಹೊತ್ತಿಗೆ? ಸೊನ್ನೆ. ನೂರರಲ್ಲಿ ಐವತ್ತು ಅಂಕ ಮುಕ್ಕಾಲು ಹೊರೆಯ ಒಂದೇ ಪ್ರಶ್ನೆಗೆ. ಸಾಗರದ ಮೇಲೆ ಹತ್ತು ದಿನ ಒಂದೇ ಸಮನೆ ಓಡುವ ಹಡಗಿಗೆ ಈ ಲೆಕ್ಕ ಹೊಂದಬಹುದು. ಈ ದಡದಿಂದ ಆ ದಡಕ್ಕೆ ಹೋಗಿ ನಿಂತು, ಮತ್ತೆ ಬಂದು ನಿಲ್ಲುವ ಲಾಂಚಿಗೆ ಇದು ಹೊಂದುವುದೇ?

ಕಡಿಮೆ ಹೊರೆಯ ಗಂಟೆ ಎಂಥದೆಂಬುದು ದೊರೆತನದವರಿಗೆ ತಿಳಿಯದ ಸಂಗತಿಯೇನಲ್ಲ. ಅಮೆರಿಕದ ಪರಿಸರ ಇಲಾಖೆಯವರು ಬಂದರುಗಳ ಹೊಗೆಯ ಲೆಕ್ಕ ಬರೆಯುವಾಗ, ದೊಡ್ಡ ಹಡಗಿನ ಎಂಜಿನ್ನು ಶೇಕಡಾ 20ಕ್ಕಿಂತ ಕಡಿಮೆ ಹೊರೆಯಲ್ಲಿದ್ದರೆ ಮಾಮೂಲು ದರವನ್ನು ಹಾಗೆಯೇ ಹಾಕುವುದಿಲ್ಲ. ಅದನ್ನು ಒಂದು ಗುಣಕದಿಂದ ಗುಣಿಸುತ್ತಾರೆ. ಹೊರೆ ಶೇಕಡಾ 2ಕ್ಕೆ ಇಳಿದಾಗ ಮಸಿಕಣಗಳಿಗೆ ಆ ಗುಣಕ 7ನ್ನು ದಾಟುತ್ತದೆ. ಸಾರಜನಕದ ಆಕ್ಸೈಡಿಗೆ 4ನ್ನು ದಾಟುತ್ತದೆ. ಮಾಡಿದ ಕೆಲಸದ ಪ್ರತಿ ಅಂಶಕ್ಕೆ ಏಳು ಪಟ್ಟು ಮಸಿ ಎಂದು ಇದರ ಅರ್ಥ. ಪ್ರಮಾಣಪತ್ರ ಸುಳ್ಳು ಹೇಳಿತೆಂದು ನಾವು ಹೇಳುತ್ತಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತು. ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಇನ್ನೊಂದು ಲೆಕ್ಕ. ನಮ್ಮ ಹಳ್ಳಿಯ ಶಾಲೆಯ ಆರನೆಯ ತರಗತಿಯ ಮಗ್ಗಿ ಇದಕ್ಕೆ ಸಾಕು. ನೀರಿನಲ್ಲಿ ದೋಣಿಯ ವೇಗ ಏರಿದಂತೆ ಅದಕ್ಕೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ವೇಗವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಬೇಕಾದ ಶಕ್ತಿ ನೂರಕ್ಕೆ 73ಕ್ಕೆ ಇಳಿಯುತ್ತದೆ. ಪ್ರಯಾಣದ ಹೊತ್ತು ಸ್ವಲ್ಪ ಹೆಚ್ಚಾದರೂ ಮೈಲಿಯೊಂದಕ್ಕೆ ಸುಡುವ ಎಣ್ಣೆ ನೂರಕ್ಕೆ ಸುಮಾರು 81 ಮಾತ್ರ. ಹಾಗಾದರೆ ನಿಧಾನವಾಗಿ ಓಡಿಸಿದರೆ ಎಲ್ಲವೂ ಸರಿಯಾಯಿತೇ? ಅಲ್ಲಿಯೇ ತೊಡಕು. ದೊಡ್ಡ ಎಂಜಿನ್ನನ್ನು ಕೊಂಡು ತಂದು ಅರ್ಧ ವೇಗದಲ್ಲಿ ಓಡಿಸಿದರೆ ಅದು ಎಂಟರಲ್ಲಿ ಒಂದು ಪಾಲು ಹೊರೆಯಲ್ಲಿ ಕೆಲಸ ಮಾಡುತ್ತದೆ. ಎಣ್ಣೆ ಉಳಿಯುತ್ತದೆ, ನಿಜ; ಆದರೆ ಸುಟ್ಟ ಎಣ್ಣೆಯ ಪ್ರತಿ ಸೇರಿಗೂ ಮಸಿ ಹೆಚ್ಚುತ್ತದೆ. ಕೆಲಸಕ್ಕೆ ತಕ್ಕ ಅಳತೆಯ ಎಂಜಿನ್ನನ್ನು ಹಾಕಿ ಹದವಾಗಿ ಓಡಿಸುವುದೇ ಸರಿಯಾದ ಮಾರ್ಗ. ಕೊಳ್ಳುವವರೊಬ್ಬರು, ಓಡಿಸುವವರೊಬ್ಬರು, ಉಸಿರಾಡುವವರು ಮತ್ತೊಬ್ಬರು ಆದ ಕಡೆ ಈ ವಿವೇಕ ಎಲ್ಲಿಂದ ಬರಬೇಕು?

ಹರಿವ ನದಿಯಲ್ಲಾದರೆ ಇನ್ನೂ ಒಂದು ಮಾತು. ನೀರಿನಲ್ಲಿ ಗಂಟೆಗೆ 10 ಕಿಲೋಮೀಟರು ಹೋಗುವ ದೋಣಿ, 4 ಕಿಲೋಮೀಟರು ಹರಿವಿನ ಹೊಳೆಯಲ್ಲಿ ಕೆಳಮುಖವಾಗಿ 14 ಕಿಲೋಮೀಟರು ಹೋಗುತ್ತದೆ, ಮೇಲ್ಮುಖವಾಗಿ 6 ಮಾತ್ರ. ಎಂಜಿನ್ನು ಗಂಟೆಗೆ ಉಗುಳುವ ಹೊಗೆ ಎರಡೂ ಕಡೆ ಒಂದೇ. ಆದರೆ ದಡದ ಹಳ್ಳಿಯ ಪಾಲಿಗೆ ಮೇಲ್ಮುಖದ ಪ್ರಯಾಣದಲ್ಲಿ ಕಿಲೋಮೀಟರಿಗೆ ಬೀಳುವ ಹೊಗೆ ಎರಡು ಪಟ್ಟಿಗಿಂತ ಹೆಚ್ಚು. ಹೊರೆ ತುಂಬಿದ ದೋಣಿಗೂ ಖಾಲಿ ದೋಣಿಗೂ ಇಂಥದೇ ಅಂತರ. ಬೇಸಿಗೆಯಲ್ಲಿ ನೀರು ಇಳಿದು ತಳ ಹತ್ತಿರವಾದರೆ ದೋಣಿಗೆ ತಡೆ ಹೆಚ್ಚಿ ಎಂಜಿನ್ನು ಏದುಸಿರು ಬಿಡುತ್ತದೆ. ಇದಾವುದನ್ನೂ ಪ್ರಯೋಗಶಾಲೆಯಲ್ಲಿ ಕಟ್ಟಿ ನಿಲ್ಲಿಸಿದ ಎಂಜಿನ್ನು ಹೇಳಲಾರದು.

ಈಗ ಶರಾವತಿಗೆ ಹೋಗೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹೊಳೆ ಹರವಿಕೊಂಡಾಗ ತುಮರಿ ಕಡೆಯ ಜನ ಹಿನ್ನೀರಿನ ಆಚೆ ಸಿಕ್ಕಿಬಿದ್ದರು. ನಾಡಿಗೆ ಬೆಳಕು ಬರಲೆಂದು ಅವರ ಗದ್ದೆ ಮುಳುಗಿತು, ತೋಟ ಮುಳುಗಿತು. ಅದಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿದ್ದೇನು? ಒಂದು ಡೀಸೆಲ್ ಲಾಂಚು. ವಿದ್ಯುತ್ತಿಗಾಗಿ ಮನೆ ಕಳೆದುಕೊಂಡವರು ಆಸ್ಪತ್ರೆಗೆ, ಸಂತೆಗೆ, ಶಾಲೆಗೆ ಹೋಗಲು ದಶಕಗಳ ಕಾಲ ಡೀಸೆಲ್ ಹೊಗೆಯಲ್ಲಿ ದಾಟಿದರು! 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಹಾರ ತುರಾಯಿಗಳಾದವು. ಅರವತ್ತು ವರುಷದ ಹೊಗೆಯ ಲೆಕ್ಕವನ್ನು ಮಾತ್ರ ಯಾವ ಭಾಷಣಕಾರರೂ ಹೇಳಲಿಲ್ಲ.

ಲಾಂಚಿನ ದಿನಚರಿಯನ್ನು ನೆನೆಯಿರಿ. ಬೆಳಗ್ಗೆ ತಣ್ಣಗಿನ ಎಂಜಿನ್ನನ್ನು ಎಬ್ಬಿಸುತ್ತಾರೆ. ಕಪ್ಪು ಬಿಳಿ ಹೊಗೆ ನುಗ್ಗುತ್ತದೆ. ಇಂಥ ತಟ್ಟೆತಳದ ಲಾಂಚು ಬಾಗಿಲು ಹಲಗೆಯನ್ನು ಇಳಿಸಿ ಮೂಗನ್ನು ದಡಕ್ಕೆ ಒತ್ತಿಕೊಂಡು ನಿಲ್ಲಬೇಕಾದರೆ ಎಂಜಿನ್ನು ಓಡುತ್ತಲೇ ಇರಬೇಕು. ಆ ಹೊತ್ತಿನಲ್ಲಿ ಜನ ಹತ್ತುತ್ತಾರೆ, ಜೀಪು ಹತ್ತುತ್ತದೆ, ಬಸ್ಸು ಹತ್ತುತ್ತದೆ. ಅವುಗಳ ಎಂಜಿನ್ನೂ ಓಡುತ್ತಿರುತ್ತದೆ. ದಡದ ಸಾಲಿನಲ್ಲಿ ಕಾಯುವ ವಾಹನಗಳದ್ದು ಬೇರೆ. ಆಮೇಲೆ ಕೆಲವೇ ನಿಮಿಷದ ಪ್ರಯಾಣ. ಮತ್ತೆ ಆಚೆ ದಡದಲ್ಲಿ ಅದೇ ನಿಲುಗಡೆ, ಅದೇ ಗುರುಗುಟ್ಟುವಿಕೆ. ದಿನವಿಡೀ ಹೀಗೆ. ಮುಕ್ಕಾಲು ಹೊರೆಯ ಪ್ರಶ್ನೆಗೆ ಐವತ್ತು ಅಂಕ ಕೊಡುವ ಪರೀಕ್ಷೆಗೂ ಈ ದಿನಚರಿಗೂ ಏನಾದರೂ ಸಂಬಂಧವಿದೆಯೇ? ಜನ ಲಾಂಚಿನ ಪಕ್ಕದಲ್ಲಿ ನಿಂತಿರುವುದು ಅದು ನಿಂತಾಗ. ಹೊಗೆಗೆ ಅಂಕವಿಲ್ಲದಿರುವುದೂ ಅದು ನಿಂತಾಗಲೇ.

ನಮ್ಮ ಲಕ್ಕವಳ್ಳಿಯ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಪ್ರಾಣಿಯನ್ನು ಕಂಡೊಡನೆ ದೋಣಿಯ ವೇಗ ಇಳಿಸುತ್ತಾರೆ, ತೇಲಾಡುತ್ತ ನಿಲ್ಲುತ್ತಾರೆ, ಯಾತ್ರಿಕರು ಚಿತ್ರ ತೆಗೆದುಕೊಳ್ಳುತ್ತಾರೆ. ಅಂದರೆ ಇಲ್ಲಿಯ ಎಂಜಿನ್ನಿನ ಬದುಕೇ ಕಡಿಮೆ ಹೊರೆಯ ಬದುಕು. ದೋಣಿಯ ಹಿಂದೆ ತೂಗುಹಾಕುವ ಸಣ್ಣ ಮೋಟಾರುಗಳಲ್ಲಿ ಎರಡು ಜಾತಿ. ಹಳೆಯ ಮಾದರಿಯ ಎರಡು ಹೊಡೆತದ ಮೋಟಾರು ತಾನು ಕುಡಿದ ಪೆಟ್ರೋಲಿನಲ್ಲಿ ನಾಲ್ಕರಲ್ಲಿ ಒಂದು ಪಾಲಿನಷ್ಟನ್ನು ಸುಡದೆಯೇ ಹೊರಕ್ಕೆ ಉಗುಳಬಲ್ಲುದು. ನಾಲ್ಕು ಹೊಡೆತದ್ದು ಅದಕ್ಕಿಂತ ಬಹಳ ಮೇಲು. ಈ ತೂಗುಮೋಟಾರುಗಳಲ್ಲಿ ಹೆಚ್ಚಿನವುಗಳ ಹೊಗೆ ಆಕಾಶಕ್ಕೆ ಹೋಗುವುದಿಲ್ಲ. ಚಕ್ರದ ನಡುವಿನಿಂದ ನೀರಿನೊಳಕ್ಕೇ ಹೋಗುತ್ತದೆ. ಕಣ್ಣಿಗೆ ಹೊಗೆ ಕಾಣದಿರುವುದರಿಂದ ಎಲ್ಲವೂ ನಿರ್ಮಲವೆಂದು ತೋರುತ್ತದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆಪೊರೆ ಕಂಡರೆ ಅದೇ ಆ ಹೊಗೆ.

ಆ ನೀರು ಯಾರದು? ಅಣೆಕಟ್ಟಿನ ಕಾಲುವೆಗಳಲ್ಲಿ ತರೀಕೆರೆ, ಭದ್ರಾವತಿ, ದಾವಣಗೆರೆಯ ಗದ್ದೆಗಳಿಗೆ ಹೋಗುವ ನೀರು ಅದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಮೇಲೆತ್ತಿ, ಅಜ್ಜಂಪುರದ ಬಳಿಯ ಸುರಂಗದಲ್ಲಿ ಹಾಯಿಸಿ, ಚಿತ್ರದುರ್ಗದ ಒಣನೆಲಕ್ಕೆ ಕಳಿಸುವ ನೀರೂ ಅದೇ. ಭದ್ರಾ ಅಭಯಾರಣ್ಯವನ್ನು 1998ರಲ್ಲಿ ಹುಲಿ ರಕ್ಷಿತಾರಣ್ಯ ಮಾಡಿದರು. ಕಾಡಿನ ನೆಮ್ಮದಿಗಾಗಿ ಎಂದು 2001-02ರ ಹೊತ್ತಿಗೆ ಅಲ್ಲಿದ್ದ ಹಳ್ಳಿಗಳನ್ನು ಎಬ್ಬಿಸಿ ಜನರನ್ನು ಹೊರಗೆ ತಂದರು. ಅವರಲ್ಲಿ ಅನೇಕರು ಇಂದು ನಮ್ಮ ತಾಲ್ಲೂಕಿನ ಮಳಲಿ ಚನ್ನೇನಹಳ್ಳಿಯಲ್ಲಿದ್ದಾರೆ. ಆ ಜನರ ಎತ್ತಿನ ಗಾಡಿ ಕಾಡಿಗೆ ಭಾರವಾಯಿತು. ಪಟ್ಟಣದಿಂದ ಬಂದವರ ಮೋಟಾರು ಭಾರವಾಗಲಿಲ್ಲ. ಪ್ರವಾಸೋದ್ಯಮವನ್ನು ಮುಚ್ಚಿರೆಂದು ನಾವು ಹೇಳುವುದಿಲ್ಲ. ಅದರಿಂದ ಕೂಲಿ ಹುಟ್ಟುವ ಮನೆಗಳಿವೆ. ಎತ್ತಿಗೆ ಒಂದು ನ್ಯಾಯ, ಮೋಟಾರಿಗೆ ಇನ್ನೊಂದು ನ್ಯಾಯ ಕೂಡದು ಎಂದಷ್ಟೇ ಹೇಳುತ್ತೇವೆ.

ದೋಣಿಯನ್ನೇ ಕಾಣದ ಕಡೂರಿನ ರೈತನಿಗೆ ಇದರಿಂದೇನು ಎನ್ನಬೇಡಿ. ನೀರಿನ ಮೇಲೆ ಓಡುವ ಎಂಜಿನ್ನೇ ನೆಲದ ಮೇಲೆ ಬೇರೆ ಹೆಸರಿನಲ್ಲಿ ಓಡುತ್ತದೆ. ತೆಂಗು ಒಣಗಿದ ತೋಟದಲ್ಲಿ ಬೋರ್‌ವೆಲ್ ಕೊರೆಯುವ ಲಾರಿ ರಾತ್ರಿಯಿಡೀ ಗರ್ಜಿಸುವುದನ್ನು ಕೇಳದ ಹಳ್ಳಿ ಕಡೂರು, ಅಜ್ಜಂಪುರಗಳಲ್ಲಿ ಯಾವುದಿದೆ? ಲಾರಿಯನ್ನು ಎಳೆಯುವ ಎಂಜಿನ್ನಿಗೆ ಹೊಗೆ ತಪಾಸಣೆಯ ಚೀಟಿ ಇರುತ್ತದೆ. ಗಾಳಿ ಒತ್ತುವ ಕಂಪ್ರೆಸರಿನ ಎಂಜಿನ್ನಿಗೆ ಆ ಚೀಟಿ ತಗಲುವುದಿಲ್ಲ. ಲಾರಿಯ ಚೀಟಿಯಾದರೂ ಎಂಥದು? ಗೇರು ಹಾಕದೆ, ಹೊರೆ ಇಲ್ಲದೆ, ನಿಂತಲ್ಲೇ ಆಕ್ಸಿಲರೇಟರನ್ನು ಒಮ್ಮೆಗೆ ತುಳಿದು ಹೊಗೆಯ ಕಪ್ಪನ್ನು ಅಳೆಯುತ್ತಾರೆ. ಹಳೆಯ ಡೀಸೆಲ್ ಗಾಡಿಗೆ ಆ ಕಪ್ಪಿನ ಮಿತಿ 65 ಹಾರ್ಟ್‌ರಿಡ್ಜ್ ಅಂಶ. ಅಡಿಕೆ ಮೂಟೆ ಹೇರಿಕೊಂಡು ಏರು ಹತ್ತುವಾಗ ಬರುವ ಹೊಗೆಯನ್ನು ಯಾರೂ ಅಳೆಯುವುದಿಲ್ಲ. ಕಣ್ಣಿಗೆ ಕಾಣದ ಸಾರಜನಕದ ವಿಷ ಆ ಪರೀಕ್ಷೆಯಲ್ಲಿ ಲೆಕ್ಕಕ್ಕೇ ಇಲ್ಲ. ದೋಣಿಗೊಂದು ತಪ್ಪು ಪರೀಕ್ಷೆ, ಲಾರಿಗೊಂದು ತಪ್ಪು ಪರೀಕ್ಷೆ, ಕಂಪ್ರೆಸರಿಗೆ ಪರೀಕ್ಷೆಯೇ ಇಲ್ಲ. ಎಲ್ಲದರ ಹೊಗೆ ಒಬ್ಬನದೇ ಎದೆಗೆ.

ಪರೀಕ್ಷೆಯ ದಿನ ಒಂದು ಮುಖ, ಬೀದಿಯಲ್ಲಿ ಒಂದು ಮುಖ ಎಂಬುದನ್ನು ಬಂಡವಾಳಗಾರರು ಒಂದು ವಿದ್ಯೆಯನ್ನಾಗಿಯೇ ಬೆಳೆಸಿದ್ದಾರೆ. 2015ರಲ್ಲಿ ಜರ್ಮನಿಯ ವೋಕ್ಸ್‌ವ್ಯಾಗನ್ ಕಂಪೆನಿಯ ಬಂಡವಾಳ ಬಯಲಾದದ್ದನ್ನು ಓದುಗರು ಮರೆತಿರಲಾರರು. ಪರೀಕ್ಷೆ ನಡೆಯುತ್ತಿದೆಯೆಂದು ಕಾರೇ ಕಂಡುಕೊಂಡು ಆಗ ಮಾತ್ರ ಸಾಧುವಾಗುವಂತೆ, ಹೊರಗೆ ಬಂದೊಡನೆ ಯಥೇಚ್ಛ ವಿಷ ಕಾರುವಂತೆ ಯಂತ್ರದೊಳಗೇ ಉಪಾಯ ಹೂಡಿದ್ದರು. ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ಉಪಾಯವಿತ್ತು. ಅದು ಕಳ್ಳತನ, ಸಿಕ್ಕಿಬಿದ್ದಿತು. ಪರೀಕ್ಷೆಯೇ ಕಣ್ಣು ಮುಚ್ಚಿಕೊಂಡಿರುವ ಕಡೆ ಕಳ್ಳತನದ ಅಗತ್ಯವೂ ಇಲ್ಲ.

ಇನ್ನು ಕೆಲವರು ಹೇಳುವ ಸಮಾಧಾನಗಳನ್ನು ನೋಡೋಣ.

ಜಲಸಾರಿಗೆ ಲಾರಿಗಿಂತ ಶುದ್ಧವೆಂದು ಹೇಳುತ್ತಾರೆ. ಒಂದು ಟನ್ನು ಸರಕನ್ನು ಒಂದು ಕಿಲೋಮೀಟರು ಸಾಗಿಸಲು ದೋಣಿಗೆ ಲಾರಿಗಿಂತ ಕಡಿಮೆ ಎಣ್ಣೆ ಸಾಕೆಂಬುದನ್ನು ನಾವೂ ಒಪ್ಪುತ್ತೇವೆ. ಅದು ತುಂಬಿದ ದೊಡ್ಡ ದೋಣಿಯ ಮಾತು. ಅರ್ಧ ಖಾಲಿಯಾಗಿ ಹೋಗಿ ಪೂರ್ತಿ ಖಾಲಿಯಾಗಿ ಬರುವ, ಇಪ್ಪತ್ತು ವರುಷದ ಹಳೆಯ ಎಂಜಿನ್ನಿನ ದೋಣಿಗೆ ಆ ಕೀರ್ತಿಯನ್ನು ಎರವಲು ಕೊಡಲಾಗದು. ಎಣ್ಣೆ ಕಡಿಮೆಯಾದಾಕ್ಷಣ ಮಸಿ ಕಡಿಮೆಯಾಗಬೇಕೆಂಬ ನಿಯಮವೂ ಇಲ್ಲ.

ಹೊಸ ತಂತ್ರ ಬಂದಿದೆಯಲ್ಲ ಎನ್ನುತ್ತಾರೆ. ಬಂದಿದೆ. 2020ರ ಏಪ್ರಿಲ್‌ನಿಂದ ನಮ್ಮ ಡೀಸೆಲಿನಲ್ಲಿ ಗಂಧಕವನ್ನು ಹತ್ತು ಲಕ್ಷದಲ್ಲಿ ಹತ್ತು ಪಾಲಿಗೆ ಇಳಿಸಿದ್ದಾರೆ. ಅದು ಒಳ್ಳೆಯ ಕೆಲಸ. ಹೊಸ ಎಂಜಿನ್ನಿನ ಕೊಳವೆಯಲ್ಲಿ ಯೂರಿಯಾ ದ್ರಾವಣ ಚಿಮುಕಿಸಿ ಸಾರಜನಕದ ವಿಷವನ್ನು ಮುರಿಯುವ ಸಾಧನವೂ ಇದೆ. ಆದರೆ ಕೊಳವೆ ಸುಮಾರು 200 ಡಿಗ್ರಿಯಷ್ಟಾದರೂ ಕಾಯದಿದ್ದರೆ ಆ ಸಾಧನ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಂಜಿನ್ನು ಗುರುಗುಟ್ಟುತ್ತ ನಿಂತರೆ ಕೊಳವೆ ತಣ್ಣಗಾಗುತ್ತದೆ. ಮತ್ತೆ ಅದೇ ಗಂಟೆ, ಅದೇ ಜನ!

ಇಷ್ಟು ದೊಡ್ಡ ಆಕಾಶದಲ್ಲಿ ಒಂದು ದೋಣಿಯ ಹೊಗೆ ಎಷ್ಟರದು ಎಂದು ಕೇಳುವವರೂ ಇದ್ದಾರೆ. ಆಕಾಶಕ್ಕೆ ಎಷ್ಟರದು ಎಂಬುದು ಆಕಾಶದ ಪ್ರಶ್ನೆ. ಎಂಜಿನ್ ಕೋಣೆಯಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಕೂತವನಿಗೆ ಎಷ್ಟರದು ಎಂಬುದು ನಮ್ಮ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯನಿಗೆ ಕ್ಯಾನ್ಸರ್ ತರುವುದು ಖಚಿತವೆಂಬ ಮೊದಲನೆಯ ವರ್ಗಕ್ಕೆ ಸೇರಿಸಿತು. ಅದಕ್ಕೆ ಮುಖ್ಯ ಆಧಾರವಾದುದು ಗಣಿಗಳಲ್ಲಿ, ರೈಲ್ವೆಯಲ್ಲಿ, ಲಾರಿಗಳಲ್ಲಿ ದುಡಿದ ಕಾರ್ಮಿಕರ ಮೈಯೇ. ಅದೇ ಸಂಸ್ಥೆ 2021ರಲ್ಲಿ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಮು ಮೀರಬಾರದೆಂದು ಸಲಹೆ ಕೊಟ್ಟಿತು. ನಮ್ಮ ದೇಶದ 2009ರ ಮಾನದಂಡ 40. ವಿದೇಶದವನ ಎದೆಗೂಡಿಗಿಂತ ನಮ್ಮವನ ಎದೆಗೂಡು ಎಂಟು ಪಟ್ಟು ಗಟ್ಟಿಯೇ?

ಕೊನೆಯ ಸಮಾಧಾನ ಎಲ್ಲಕ್ಕಿಂತ ಜಾಣತನದ್ದು: ನಿಯಮ ಬಿಗಿಮಾಡಿದರೆ ಬಡ ದೋಣಿಯವನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಬಡವನ ನೆನಪು ಇವರಿಗೆ ನಿಯಮ ಬಿಗಿಮಾಡುವ ದಿನ ಮಾತ್ರ ಬರುತ್ತದೆ. ಮದಗದ ಕೆರೆಯಲ್ಲಿ, ಅಯ್ಯನಕೆರೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವನಿಗೆ ಎಂಜಿನ್ನೇ ಇಲ್ಲ. ಅವನಿಗೆ ಈ ನಿಯಮ ತಟ್ಟುವುದಿಲ್ಲ. ಲಾಂಚು ಸರ್ಕಾರದ್ದು, ಯಾತ್ರೆಯ ದೋಣಿ ಸರ್ಕಾರಿ ಸಂಸ್ಥೆಯದು, ಬೋರ್‌ವೆಲ್ ಲಾರಿ ಮಾಲೀಕನದು. ಖರ್ಚು ಅವರವರ ತಲೆಯ ಮೇಲೆ ಬೀಳಲಿ. ಒಂದು ಸಣ್ಣ ಮೋಟಾರಿನಿಂದ ಜೀವಿಸುವ ಬೆಸ್ತನಿದ್ದರೆ ಅವನ ಹಳೆಯ ಮೋಟಾರನ್ನು ತೆಗೆದುಕೊಂಡು ಹೊಸದನ್ನು ಕೊಡಲಿ. ದಂಡದ ರಸೀತಿಯನ್ನು ಹಿಡಿದು ಅವನ ಗುಡಿಸಿಲಿಗೆ ಮಾತ್ರ ಹೋಗಕೂಡದು.

ಇದು ಆಗದ ಹೋಗದ ಮಾತಲ್ಲ. ನೆರೆಯ ಕೇರಳದ ವೈಕಂನಲ್ಲಿ 2017ರ ಜನವರಿಯಿಂದ ಬಿಸಿಲಿನಿಂದಲೇ ನಡೆಯುವ ಆದಿತ್ಯ ಎಂಬ ದೋಣಿ 75 ಜನರನ್ನು ಕೂರಿಸಿಕೊಂಡು ವೇಂಬನಾಡು ಹಿನ್ನೀರನ್ನು ದಾಟಿಸತೊಡಗಿತು. ಅದು ದೇಶದ ಮೊದಲ ಸೌರ ಪ್ರಯಾಣಿಕ ದೋಣಿ. 2023ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ ಬ್ಯಾಟರಿ ದೋಣಿಗಳ ಜಲಸಾರಿಗೆಯೇ ಆರಂಭವಾಯಿತು. ವಿದ್ಯುತ್ ಮೋಟಾರಿಗೆ ಕೆಟ್ಟ ಗಂಟೆಯೆಂಬುದಿಲ್ಲ. ನಿಂತಾಗ ಅದು ನಿಂತೇ ಇರುತ್ತದೆ, ಗುರುಗುಟ್ಟುವುದಿಲ್ಲ. ಕೇರಳದ ಮಳೆಮೋಡದ ಕೆಳಗೆ ಸಾಧ್ಯವಾದದ್ದು ನಮ್ಮ ಬಿಸಿಲಿನಲ್ಲಿ ಅಸಾಧ್ಯವೇ? ಲಿಂಗನಮಕ್ಕಿಯ ವಿದ್ಯುತ್ತಿನಿಂದ ಲಿಂಗನಮಕ್ಕಿಯ ಹಿನ್ನೀರಿನ ದೋಣಿ ನಡೆಯಬಾರದೇ?

ಆದ್ದರಿಂದ ನಮ್ಮ ಬೇಡಿಕೆಗಳನ್ನು ಬಿಡಿಬಿಡಿಯಾಗಿ ಇಡುತ್ತೇವೆ.

ಒಂದು: ಭದ್ರಾ ಮತ್ತು ಶರಾವತಿ ಹಿನ್ನೀರುಗಳಲ್ಲಿ ಓಡುವ ಪ್ರತಿಯೊಂದು ಯಾಂತ್ರಿಕ ದೋಣಿಯ ಮೇಲೂ ಎಂಜಿನ್ನಿನ ಜಾತಿ, ವರುಷ, ಶಕ್ತಿ, ಎಣ್ಣೆ, ಕೊನೆಯ ಹೊಗೆ ಪರೀಕ್ಷೆಯ ತಾರೀಖು ಇವನ್ನು ಕನ್ನಡದಲ್ಲಿ ಬರೆದ ಹಲಗೆ ಇರಬೇಕು.

ಎರಡು: ಪರೀಕ್ಷೆಯು ಪ್ರಯೋಗಶಾಲೆಯಲ್ಲಿ ಮುಗಿಯಕೂಡದು. ದೋಣಿಯ ಮೇಲೆಯೇ ಇಟ್ಟು ಅಳೆಯುವ ಉಪಕರಣಗಳು ಇಂದು ದೊರೆಯುತ್ತವೆ. ತಣ್ಣಗೆ ಎಬ್ಬಿಸುವಾಗ, ದಡಕ್ಕೆ ಒತ್ತಿ ನಿಂತಾಗ, ಖಾಲಿ ಇದ್ದಾಗ, ಹೊರೆ ತುಂಬಿದಾಗ, ನೀರು ಕಡಿಮೆಯಾದ ಬೇಸಿಗೆಯಲ್ಲಿ, ಈ ಐದು ಸಂದರ್ಭಗಳಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಅಳೆದು ಅಂಕಿಗಳನ್ನು ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಬೇಕು. ವಿಷದ ಲೆಕ್ಕವನ್ನು ಶಕ್ತಿಯ ಲೆಕ್ಕದಲ್ಲಿ ಮಾತ್ರವಲ್ಲದೆ ಗಂಟೆಗೆ ಎಷ್ಟು, ಪ್ರಯಾಣಿಕನೊಬ್ಬನಿಗೆ ಎಷ್ಟು ಎಂದೂ ಬರೆಯಬೇಕು.

ಮೂರು: ಕುಡಿಯುವ ಮತ್ತು ಬೆಳೆಯುವ ನೀರು ಹಿಡಿದಿರುವ ಭದ್ರಾ ಜಲಾಶಯದಲ್ಲಿ ಹಳೆಯ ಮಾದರಿಯ ಎರಡು ಹೊಡೆತದ ಮೋಟಾರಿಗೆ ಪ್ರವೇಶ ಕೂಡದು. ಯಾತ್ರೆಯ ದೋಣಿಗಳೆಲ್ಲ ವಿದ್ಯುತ್ ದೋಣಿಗಳಾಗಬೇಕು.

ನಾಲ್ಕು: ಹೊಟ್ಟೆಪಾಡಿಗಾಗಿ ಜನ ದಾಟುವ ಕಡವುಗಳಿಗೆ ವಿದ್ಯುತ್ ದೋಣಿ ಮೊದಲು ಬರಬೇಕು. ಮೋಜಿನ ಕಡವು ಎರಡನೆಯದು.

ಐದು: ದೋಣಿ ಮತ್ತು ಬೋರ್‌ವೆಲ್ ಯಂತ್ರಗಳಲ್ಲಿ ದುಡಿಯುವವರಿಗೆ ವರುಷಕ್ಕೊಮ್ಮೆ ಪುಪ್ಪುಸದ ಪರೀಕ್ಷೆಯನ್ನು ಮಾಲೀಕನ ಖರ್ಚಿನಲ್ಲಿ ಮಾಡಿಸಬೇಕು. ಹೊಗೆಕೊಳವೆಯನ್ನು ದುಡಿಯುವವನ ಮೂಗಿಗಿಂತ ಎತ್ತರಕ್ಕೆ ಒಯ್ಯಬೇಕು. ಇದಕ್ಕೆ ಯಾವ ವಿಜ್ಞಾನವೂ ಬೇಡ; ನಾಲ್ಕು ಗಜ ತಗಡು ಸಾಕು.

ಆರು: ಕೊರೆಯುವ ಕಂಪ್ರೆಸರುಗಳ ಎಂಜಿನ್ನಿಗೂ ಹೊರೆಯ ಮೇಲಿರುವಾಗಲೇ ಹೊಗೆ ತಪಾಸಣೆ ನಡೆಯಬೇಕು.

ಇವುಗಳಲ್ಲಿ ಒಂದೂ ಕೋಟಿಗಟ್ಟಲೆ ಹಣದ ಬೇಡಿಕೆಯಲ್ಲವೆಂದು ನಾವು ಹೇಳುವುದಿಲ್ಲ. ದೋಣಿ ಬದಲಾಯಿಸಲು ಹಣ ಬೇಕು. ಆದರೆ ಹಲಗೆ ಬರೆಯಲು, ಕೊಳವೆ ಎತ್ತಲು, ದಡದಲ್ಲಿ ವಾಹನಗಳ ಎಂಜಿನ್ ನಿಲ್ಲಿಸಲು ಹಣ ಬೇಡ, ಮನಸ್ಸು ಬೇಕು. ಮನಸ್ಸಿದೆಯೇ ಇಲ್ಲವೇ ಎಂಬುದು ಈ ಮೂರು ಸಣ್ಣ ಕೆಲಸಗಳಿಂದಲೇ ತಿಳಿಯುತ್ತದೆ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಬರುವ ಗ್ರಾಮಸಭೆಯಲ್ಲಿ ಈ ಆರು ಬೇಡಿಕೆಗಳನ್ನು ಓದಿರಿ. ಲಕ್ಕವಳ್ಳಿಯವರು ಮೂರನೆಯದನ್ನು, ಕಡೂರು ಅಜ್ಜಂಪುರದವರು ಆರನೆಯದನ್ನು ಠರಾವು ಮಾಡಿ ತಹಸೀಲ್ದಾರರಿಗೆ ಕಳಿಸಿರಿ. ಒಂದು ಪ್ರತಿಯನ್ನು ನಮಗೂ ಕಳಿಸಿರಿ. ಹೊಗೆ ಮಿತಿಯೊಳಗಿದೆ ಎಂದು ಯಾವ ಅಧಿಕಾರಿಯಾದರೂ ಉತ್ತರ ಬರೆದರೆ, ಎಂಜಿನ್ನು ನಿಂತು ಗುರುಗುಟ್ಟುವಾಗ ಅಳೆದಿರೋ, ಓಡುವಾಗ ಅಳೆದಿರೋ ಎಂದು ಮರುಟಪಾಲಿನಲ್ಲಿ ಕೇಳಿರಿ. ಉತ್ತರ ಬರುವ ತನಕ ಕೇಳುತ್ತಲೇ ಇರೋಣ.